ಸ್ವಾಧೀನ ಮತ್ತು ಪರಾಧೀನ

ಬಾಳು ಸಾರ್ಥಕವಾಗುವುದು ಯಾವುದರಿಂದ ಎಂಬ ಪ್ರಶ್ನೆಗೆ ಪ್ರಾಚೀನ ಗ್ರೀಕ್ ದಾರ್ಶನಿಕರು ಶೀಲದಲ್ಲಿ ಉತ್ತರವನ್ನು ಅರಸಿದರು. ಅವರಲ್ಲಿ ಸ್ಟೋಯಿಕ್ ಪಂಥದವರ ನಿಲವು ಅತ್ಯಂತ ಕಠಿನವಾದುದು. ವಿವೇಕ, ಧೈರ್ಯ, ನ್ಯಾಯ, ಸಂಯಮಗಳೆಂಬ ಸದ್ಗುಣಗಳೇ ನಿಜವಾದ ಶ್ರೇಯಸ್ಸು. ಸಂಪತ್ತು, ಆರೋಗ್ಯ, ಕೀರ್ತಿಗಳು ಬಯಸತಕ್ಕವಾದರೂ ಸಾರ್ಥಕತೆಗೆ ಅನಿವಾರ್ಯವಲ್ಲವೆಂಬುದು ಅವರ ಮತ.

ಈ ಮತವನ್ನು ಬೋಧಿಸಿದ ಎಪಿಕ್ಟೀಟಸನು ಕ್ರಿ.ಶ. ಒಂದನೆಯ ಶತಮಾನದಲ್ಲಿ ದಾಸನಾಗಿ ಬೆಳೆದವನು. ಬಿಡುಗಡೆ ಹೊಂದಿದ ತರುವಾಯ ಗ್ರೀಸಿನ ನಿಕೊಪೊಲಿಸ್ ಪಟ್ಟಣದಲ್ಲಿ ಪಾಠಶಾಲೆಯನ್ನು ನಡೆಸಿದನು. ಅವನ ಉಪದೇಶಗಳನ್ನು ಶಿಷ್ಯನಾದ ಅರಿಯನ್ ಬರೆದಿಟ್ಟನು. ನಮ್ಮ ನಿರ್ಣಯ, ಬಯಕೆ, ಪ್ರಯತ್ನಗಳು ಸ್ವಾಧೀನ. ದೇಹ, ಆಸ್ತಿ, ಅಧಿಕಾರ, ಪರರ ಅಭಿಪ್ರಾಯಗಳು ಪರಾಧೀನ. ಈ ವಿಭಾಗವನ್ನು ಅರಿತು ನಡೆಯುವುದೇ ಸ್ವಾತಂತ್ರ್ಯವೆಂಬುದು ಆ ಬೋಧೆಯ ಸಾರ.

ಈ ಸೂತ್ರವು ಆಧುನಿಕ ಕಾಲದಲ್ಲಿ ಕಠೋರವಾದ ಪರೀಕ್ಷೆಗೆ ಒಳಗಾದುದುಂಟು. ಅಮೆರಿಕದ ನೌಕಾಪಡೆಯ ವಿಮಾನಚಾಲಕ ಜೇಮ್ಸ್ ಸ್ಟಾಕ್‌ಡೇಲ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಎಪಿಕ್ಟೀಟಸನ ಕೈಪಿಡಿಯನ್ನು ಮನನ ಮಾಡಿದ್ದರು. 1965ರಲ್ಲಿ ಉತ್ತರ ವಿಯೆಟ್ನಾಮಿನಲ್ಲಿ ಅವರ ವಿಮಾನವನ್ನು ಹೊಡೆದುರುಳಿಸಲಾಯಿತು. ಕಾಲು ಮುರಿದ ಸ್ಥಿತಿಯಲ್ಲಿ ಸೆರೆಸಿಕ್ಕ ಅವರಿಗೆ ಬಿಡುಗಡೆ ದೊರೆತುದು 1973ರಲ್ಲಿ. ಆ ಯುದ್ಧದ ನ್ಯಾಯಾನ್ಯಾಯಗಳು ಬೇರೆಯೇ ಪ್ರಶ್ನೆ. ಇಲ್ಲಿ ಗಮನಿಸತಕ್ಕುದು ಅವರು ಆ ಗ್ರಂಥವನ್ನು ಬಳಸಿದ ರೀತಿ. ಚಿತ್ರಹಿಂಸೆಯಲ್ಲಿ ಯಾವ ದೇಹವೂ ಕೊನೆಯವರೆಗೆ ನಿಲ್ಲಲಾರದೆಂಬುದನ್ನು ಅವರು ಒಪ್ಪಿಕೊಂಡರು. ಆದುದರಿಂದ ಸಹಬಂದಿಗಳಿಗೆ ಅಸಾಧ್ಯವಾದುದನ್ನು ವಿಧಿಸದೆ, ಪಾಲಿಸಬಹುದಾದ ಕೆಲವೇ ನಿಯಮಗಳನ್ನು ಕೊಟ್ಟರು. ಒಗ್ಗಟ್ಟು ಸ್ವಾರ್ಥಕ್ಕಿಂತ ಮೇಲೆಂಬುದು ಅವುಗಳಲ್ಲೊಂದು. ಗೋಡೆಯನ್ನು ತಟ್ಟುವ ಸಂಕೇತಗಳ ಮೂಲಕ ಬಂದಿಗಳು ಪರಸ್ಪರ ಧೈರ್ಯ ತುಂಬಿದರು.

ಇದರಿಂದ ಒಂದು ತಪ್ಪುಗ್ರಹಿಕೆ ನಿವಾರಣೆಯಾಗುತ್ತದೆ. ಪರಾಧೀನವಾದುದನ್ನು ಬಿಟ್ಟುಕೊಡುವುದೆಂದರೆ ಲೋಕಕ್ಕೆ ಬೆನ್ನು ತಿರುಗಿಸಿ ಒಳಗಿನ ನೆಮ್ಮದಿಯನ್ನು ಕಾಪಾಡಿಕೊಳ್ಳುವುದಲ್ಲ. ಅನ್ಯಾಯವನ್ನು ಮೌನವಾಗಿ ಸಹಿಸುವುದೂ ಅಲ್ಲ. ನ್ಯಾಯವೂ ಸದ್ಗುಣಗಳಲ್ಲಿ ಒಂದಷ್ಟೆ. ಅನ್ಯಾಯವನ್ನು ಎದುರಿಸುವುದು ಸ್ವಾಧೀನ, ಗೆಲುವು ಪರಾಧೀನ.

ಸೆರೆಮನೆಯ ಈ ಪಾಠ ಸಾಮಾನ್ಯರ ಮನೆಗೂ ಸಲ್ಲುತ್ತದೆ. ಹಾಸಿಗೆ ಹಿಡಿದ ತಾಯಿಯ ಶುಶ್ರೂಷೆಗೆ ನಿಂತ ಮಗಳಿಗೆ ರೋಗದ ಗತಿ ಸ್ವಾಧೀನವಲ್ಲ. ಹೊತ್ತಿಗೆ ಸರಿಯಾಗಿ ಔಷಧ ಕೊಡುವ ಎಚ್ಚರ, ಬೇಸರದಲ್ಲಿಯೂ ಮಾತಿನ ಮೃದುತ್ವ, ತನ್ನ ಶಕ್ತಿಯ ಮಿತಿಯನ್ನರಿತು ಒಡಹುಟ್ಟಿದವರ ನೆರವನ್ನು ಕೇಳುವ ವಿವೇಕ, ಇವು ಸ್ವಾಧೀನ. ತಾಯಿ ಗುಣಹೊಂದದಿದ್ದರೂ ಆ ಸೇವೆ ವ್ಯರ್ಥವಾಗದು. ಏಕೆಂದರೆ ಅದರ ಬೆಲೆ ಫಲದಲ್ಲಿಲ್ಲ, ಅದನ್ನು ಮಾಡಿದ ಶೀಲದಲ್ಲಿದೆ.