ತೊಟ್ಟಿಯಲ್ಲಿ ತೈಲವಿದ್ದರೂ ವಿಮಾನದ ಯಂತ್ರ ನಿಲ್ಲಬಹುದು!

ನಾಲವಾರ, ವಾಡಿ, ಚಿತ್ತಾಪುರಗಳ ಕಡೆಯ ಅನೇಕ ಮನೆಗಳಲ್ಲಿ ನೆಲದೊಳಗೊಂದು ನೀರಿನ ತೊಟ್ಟಿಯೂ ಮಾಳಿಗೆಯ ಮೇಲೊಂದು ಟಾಕಿಯೂ ಇರುವುದನ್ನು ವಾಚಕರು ಕಂಡಿರಬಹುದು. ಕೆಳಗಿನ ತೊಟ್ಟಿ ತುಂಬಿದ್ದರೇನು? ಮೇಲಿನ ಟಾಕಿ ಬರಿದಾದರೆ ನಳದಲ್ಲಿ ಹನಿ ನೀರೂ ಬಾರದು. ಹಗುರ ವಿಮಾನಕ್ಕೆ ಜೋಡಿಸುವ ಹೆಚ್ಚುವರಿ ಇಂಧನ ತೊಟ್ಟಿಯ ಕಥೆಯೂ ಬಹುಮಟ್ಟಿಗೆ ಹೀಗೆಯೇ. ಆದರೆ ಮನೆಯಲ್ಲಿ ನೀರು ನಿಂತರೆ ಕೆಳಗಿಳಿದು ಪಂಪನ್ನು ನೋಡಬಹುದು. ಆಕಾಶದಲ್ಲಿ ಅಷ್ಟು ಅವಕಾಶವೆಲ್ಲಿ?

ಕಲಬುರಗಿಗೆ ಸಮೀಪದ ಶ್ರೀನಿವಾಸ ಸರಡಗಿಯ ಬಳಿ 2019ರ ನವೆಂಬರ್ 22ರಂದು ವಿಮಾನ ನಿಲ್ದಾಣವು ಉದ್ಘಾಟನೆಯಾಯಿತು. ಮುಂದೆ ಅಲ್ಲಿ ವಿಮಾನ ಚಾಲನೆಯ ಶಿಕ್ಷಣವೂ ಮೊದಲಾಯಿತು. ಇಂತಹ ಶಿಕ್ಷಣದಲ್ಲಿ ಕಲಿಯುವವನು ಹಲವು ಪಾಠಗಳನ್ನು ನೆಲದ ಮೇಲೆಯೇ, ಹಾರಾಟವನ್ನು ಅನುಕರಿಸುವ ಸಿಮ್ಯುಲೇಟರಿನಲ್ಲಿ ಕಲಿಯುತ್ತಾನೆ. 1929ರಲ್ಲಿ ಎಡ್ವಿನ್ ಲಿಂಕ್ ಎಂಬ ಅಮೆರಿಕನನು ಆರ್ಗನ್ ವಾದ್ಯದ ತಿದಿಗಳ ತತ್ತ್ವದಿಂದ ಇಂತಹ ಒಂದು ಯಂತ್ರವನ್ನು ರಚಿಸಿದನು. ಇಂದು ಆ ಕೆಲಸವನ್ನು ಗಣಕಯಂತ್ರವು ಮಾಡುತ್ತದೆ. ಹೆಚ್ಚುವರಿ ತೊಟ್ಟಿಯನ್ನು ಈ ಗಣಕವು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ಭೌತವಿಜ್ಞಾನದ ವಿದ್ಯಾರ್ಥಿಗೆ ಸೊಗಸಾದ ಸಮಸ್ಯೆ.

ತೂಕದ ಲೆಕ್ಕ

ನಾಲ್ಕು ಆಸನಗಳ ಸೆಸ್ನಾ 172 ಎಸ್ ವಿಮಾನವನ್ನು ತೆಗೆದುಕೊಳ್ಳೋಣ. ಅದರ ಎರಡು ರೆಕ್ಕೆಗಳೊಳಗೆ ಬಳಕೆಗೆ ದೊರೆಯುವ ಪೆಟ್ರೋಲು ಸುಮಾರು 200 ಲೀಟರ್. ಗಂಟೆಗೆ 38 ಲೀಟರ್ ಖರ್ಚಾಗುವುದೆಂದರೆ ಐದು ಗಂಟೆಗಳಿಗಿಂತ ಸ್ವಲ್ಪ ಹೆಚ್ಚು ಹಾರಬಹುದು. ಸಮುದ್ರವನ್ನು ದಾಟಬೇಕಾದಾಗ ಇದು ಸಾಲದು. ಆಗ ಹಿಂದಿನ ಆಸನಗಳನ್ನು ಕಿತ್ತು ಆ ಜಾಗದಲ್ಲಿ ಮತ್ತೊಂದು ತೊಟ್ಟಿಯನ್ನು ಕೂರಿಸುವುದುಂಟು.

ಈ ತೊಟ್ಟಿಯಲ್ಲಿ 100 ಲೀಟರ್ ಹಿಡಿಯುವುದೆಂದು ಭಾವಿಸಿರಿ. ವಿಮಾನದ ಪೆಟ್ರೋಲು ಲೀಟರಿಗೆ ಸುಮಾರು 0.72 ಕಿಲೋಗ್ರಾಂ ತೂಗುವುದರಿಂದ ಬಂದ ಹೊರೆ 72 ಕಿಲೋಗ್ರಾಂ. ಒಬ್ಬ ವಯಸ್ಕನ ತೂಕವಷ್ಟೆ ಎಂದು ಸುಮ್ಮನಾಗುವಂತಿಲ್ಲ. ಹೊರೆ ಎಷ್ಟೆಂಬುದರ ಜೊತೆಗೆ ಎಲ್ಲಿದೆ ಎಂಬುದೂ ಮುಖ್ಯ. ತೊಗರಿಯ ಚೀಲಗಳನ್ನು ಎತ್ತಿನ ಗಾಡಿಯ ಹಿಂಭಾಗದಲ್ಲೇ ಹೇರಿದರೆ ನೊಗವು ಮೇಲಕ್ಕೇಳುವುದನ್ನು ನಮ್ಮ ರೈತರು ಬಲ್ಲರು. ವಿಮಾನದ ಮೂತಿಯೂ ಹಾಗೆಯೇ ಮೇಲೇಳಲು ಹವಣಿಸುತ್ತದೆ.

ಉದಾಹರಣೆಗಾಗಿ, 1000 ಕಿಲೋಗ್ರಾಂ ತೂಕದ ವಿಮಾನದ ಗುರುತ್ವ ಕೇಂದ್ರವು ಒಂದು ಗೊತ್ತಾದ ಗೆರೆಯಿಂದ 1 ಮೀಟರ್ ಹಿಂದಿರಲಿ. ಹೊಸ ತೊಟ್ಟಿ 2 ಮೀಟರ್ ಹಿಂದಿರಲಿ. ಪ್ರತಿಯೊಂದು ಭಾರವನ್ನೂ ಅದರ ದೂರದಿಂದ ಗುಣಿಸಿ, ಲಬ್ಧಗಳನ್ನು ಕೂಡಿಸಿ, ಒಟ್ಟು ಭಾರದಿಂದ ಭಾಗಿಸಿರಿ. 1144ನ್ನು 1072ರಿಂದ ಭಾಗಿಸಿದರೆ 1.067. ಎಂದರೆ ಗುರುತ್ವ ಕೇಂದ್ರವು ಸುಮಾರು 7 ಸೆಂಟಿಮೀಟರ್ ಹಿಂದೆ ಸರಿಯಿತು. ಇದು ಅಲ್ಪವೆನ್ನಬೇಡಿರಿ. ಪೂರ್ಣ ಹೊರೆಯಿರುವ ಸೆಸ್ನಾದಲ್ಲಿ ಗುರುತ್ವ ಕೇಂದ್ರಕ್ಕೆ ಅನುಮತಿಯಿರುವ ಎಲ್ಲೆಯ ಅಗಲವೇ ಸುಮಾರು 16 ಸೆಂಟಿಮೀಟರ್! ಎಲ್ಲೆಯನ್ನು ಮೀರಿ ಹಿಂದೆ ಸರಿದರೆ ವಿಮಾನದ ಸ್ಥಿರತೆ ಕುಗ್ಗುವುದು. ವೇಗ ತಗ್ಗಿ ವಿಮಾನ ಕುಸಿಯತೊಡಗಿದಾಗ ಮೂತಿಯನ್ನು ಕೆಳಗಿಳಿಸಿ ಸರಿಪಡಿಸಿಕೊಳ್ಳುವುದು ದುಸ್ತರವಾಗುವುದು.

1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ಸಾಗರವನ್ನು ದಾಟಿದಾಗ ಅವನ ವಿಮಾನದ ತೊಟ್ಟಿಗಳು ಸುಮಾರು 1700 ಲೀಟರ್ ಹಿಡಿಯುವಷ್ಟು ದೊಡ್ಡವಾಗಿದ್ದವು. ದೊಡ್ಡ ತೊಟ್ಟಿಯು ಚಾಲಕನ ಮುಂದೆಯೇ ಇದ್ದುದರಿಂದ ಎದುರಿನ ನೋಟವೇ ಮುಚ್ಚಿಹೋಗಿತ್ತು! ದೂರ ಹಾರಬೇಕಾದರೆ ತೈಲಕ್ಕೆ ಎಷ್ಟು ಮುಖ್ಯ ಸ್ಥಾನ ಕೊಡಬೇಕಾಗುವುದೆಂಬುದಕ್ಕೆ ಇದು ನಿದರ್ಶನ.

ಕಾಲದ ಲೆಕ್ಕ

ತೈಲವು ಖರ್ಚಾದಂತೆ ಈ ಲೆಕ್ಕವೆಲ್ಲ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆದ್ದರಿಂದ ಗಣಕವು ಕಾಲವನ್ನು ಸಣ್ಣ ಸಣ್ಣ ತುಣುಕುಗಳನ್ನಾಗಿ ಕತ್ತರಿಸಿ, ಪ್ರತಿ ತುಣುಕಿನಲ್ಲಿ ಯಾವ ತೊಟ್ಟಿಯಿಂದ ಎಷ್ಟು ಹೋಯಿತು, ಯಾವುದಕ್ಕೆ ಎಷ್ಟು ಬಂದಿತು ಎಂದು ಕಳೆದು ಕೂಡಿ, ಹೊಸ ತೂಕವನ್ನೂ ಹೊಸ ಗುರುತ್ವ ಕೇಂದ್ರವನ್ನೂ ಕಂಡುಹಿಡಿಯುತ್ತದೆ. ಎಲ್ಲ ತೈಲವನ್ನೂ ಒಂದೇ ಮೊತ್ತವೆಂದು ಗಣಿಸುವ ಸಿಮ್ಯುಲೇಟರು ಹಾರಾಟದ ದೂರವನ್ನೇನೋ ಹೇಳೀತು, ಅಪಾಯವನ್ನು ಕಲಿಸಲಾರದು.

ಅಪಾಯವೇನು? ನಮ್ಮ ಹೆಚ್ಚುವರಿ ತೊಟ್ಟಿಯಿಂದ ಪಂಪು ಮಿನಿಟಿಗೆ 1.5 ಲೀಟರ್ ತೈಲವನ್ನು ರೆಕ್ಕೆಗೆ ಸಾಗಿಸಲಿ. 100 ಲೀಟರ್ ಸಾಗಲು 67 ಮಿನಿಟು ಬೇಕು. ಅಷ್ಟರಲ್ಲಿ ಯಂತ್ರವು 42 ಲೀಟರ್ ಕುಡಿದಿರುತ್ತದೆ. ಹಾಗಾದರೆ ರೆಕ್ಕೆಯಲ್ಲಿ ಮೊದಲೇ 58 ಲೀಟರ್ ಜಾಗ ತೆರವಾಗಿರಬೇಕು. ಇಲ್ಲವಾದರೆ ಮಿಕ್ಕ ತೈಲ ಗಾಳಿಕೊಳವೆಯಿಂದ ಹೊರಚೆಲ್ಲಿ ವ್ಯರ್ಥವಾಗುವುದು. ಹೊರಟು ಒಂದೂವರೆ ಗಂಟೆಯಾದ ಮೇಲೆ ಪಂಪನ್ನು ಆರಂಭಿಸುವುದು ಸರಿಯಾದ ಕಾಲ.

ಆದರೆ ಪಂಪು ಕೆಟ್ಟಿದ್ದರೆ? ಆ ಹೊತ್ತಿಗೆ ರೆಕ್ಕೆಯಲ್ಲಿ ಇನ್ನೂ 142 ಲೀಟರ್ ಇರುವುದರಿಂದ ಹೊರಟ ಊರಿಗೆ ಹಿಂದಿರುಗಬಹುದು. ಚಾಲಕನು ಉದಾಸೀನದಿಂದ 180 ಲೀಟರ್ ಮುಗಿಯುವ ತನಕ ಕಾದನೆನ್ನಿರಿ. ಆಗ ಉಳಿಯುವುದು ಕೇವಲ ಅರ್ಧ ಗಂಟೆಯ ತೈಲ. ಬೆನ್ನ ಹಿಂದೆ 100 ಲೀಟರ್ ತುಂಬಿದ ತೊಟ್ಟಿಯಿದ್ದರೂ ಯಂತ್ರವು ನಿಲ್ಲುವುದು!

ಸರಿಯಾಗಿ ನಡೆದರೆ ಇದೇ ಏರ್ಪಾಡು ಎಂತಹ ಅದ್ಭುತವನ್ನಾದರೂ ಸಾಧಿಸಬಲ್ಲುದು. 1958ರ ಡಿಸೆಂಬರಿನಿಂದ 1959ರ ಫೆಬ್ರುವರಿಯವರೆಗೆ ರಾಬರ್ಟ್ ಟಿಮ್ ಮತ್ತು ಜಾನ್ ಕುಕ್ ಎಂಬಿಬ್ಬರು ಸೆಸ್ನಾ 172 ವಿಮಾನದಲ್ಲಿ 64 ದಿನಗಳಿಗೂ ಮಿಗಿಲಾಗಿ ನೆಲಕ್ಕಿಳಿಯದೆ ಹಾರಿದರು. ಹೊಟ್ಟೆಯ ಕೆಳಗಿದ್ದ ಸುಮಾರು 360 ಲೀಟರಿನ ತೊಟ್ಟಿಗೆ, ರಸ್ತೆಯಲ್ಲಿ ಓಡುತ್ತಿದ್ದ ಟ್ರಕ್ಕಿನಿಂದ ತೈಲವನ್ನು ತುಂಬಿಕೊಳ್ಳುತ್ತಿದ್ದರು. ವಿದ್ಯುತ್ ಪಂಪು ಅದನ್ನು ರೆಕ್ಕೆಗೇರಿಸುತ್ತಿತ್ತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ತನ್ನ ಪುಟ್ಟ ವಿಮಾನದೊಡನೆ ಸಮುದ್ರಕ್ಕೆ ಬಿದ್ದು ಮಡಿದನು. ತೊಟ್ಟಿಯನ್ನು ಬದಲಿಸುವ ಹಿಡಿಕೆಯು ಅವನ ಎಡಭುಜದ ಹಿಂದಿತ್ತು. ಅದನ್ನು ತಿರುಗಿಸಲು ಯತ್ನಿಸುವಾಗ ವಿಮಾನವು ಹತೋಟಿ ತಪ್ಪಿತೆಂದು ತನಿಖೆಯವರು ತೀರ್ಮಾನಿಸಿದರು.

ಇಂತಹ ತಪ್ಪುಗಳನ್ನು ಪ್ರಾಣಾಪಾಯವಿಲ್ಲದೆ ಮಾಡಿ ತಿದ್ದಿಕೊಳ್ಳಲೆಂದೇ ಸಿಮ್ಯುಲೇಟರು ಇರುವುದು. ಆಸಕ್ತರಾದ ವಿದ್ಯಾರ್ಥಿಗಳು ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ಯುಲೇಟರಿನಲ್ಲಿ ಇದನ್ನು ತಾವೇ ಪರೀಕ್ಷಿಸಬಹುದು. ಅದರಲ್ಲಿ ಬಳಕೆಯಾಗುವ ಜೆಎಸ್‌ಬಿಸಿಮ್ ಎಂಬ ಗಣಿತ ವ್ಯವಸ್ಥೆಯ ಕಡತಗಳಲ್ಲಿ ಪ್ರತಿ ತೊಟ್ಟಿಯ ಸ್ಥಾನ, ಗಾತ್ರ, ತೈಲದ ಪ್ರಮಾಣಗಳನ್ನು ಬೇರೆಬೇರೆಯಾಗಿ ಬರೆದಿರುತ್ತಾರೆ. ಹೊಸ ತೊಟ್ಟಿಯೊಂದನ್ನು ಸೇರಿಸಿ, ಸ್ಥಾನವನ್ನು ಹಿಂದೆ ಮುಂದೆ ಸರಿಸಿ, ವಿಮಾನದ ನಡತೆ ಹೇಗೆ ಮಾರ್ಪಡುವುದೆಂಬುದನ್ನು ಗಮನಿಸಿರಿ. ಮೊದಲು ಕಾಗದದ ಮೇಲೆ ಲೆಕ್ಕಹಾಕಿ, ಅನಂತರ ಹಾರಿಸಿ ನೋಡುವುದು ಲೇಸು. ತೈಲ ಎಷ್ಟಿದೆ ಎಂದು ಕೇಳುವವನು ಪ್ರಯಾಣಿಕ. ಅದು ಎಲ್ಲಿದೆ, ಯಂತ್ರಕ್ಕೆ ಯಾವಾಗ ತಲಪುವುದು ಎಂದು ಕೇಳುವವನು ಚಾಲಕ.