ನಾಲ್ಕು ಕೆಜಿ ಇಳಿದರೂ ಸಂಭ್ರಮಿಸಿ

ತೂಕ ಇಳಿಸಲು ಹೊರಟವರು ಸಾಮಾನ್ಯವಾಗಿ ಕಣ್ಣಿಡುವುದು ಕೊನೆಯ ಅಂಕಿಯ ಮೇಲೆ. 80 ಕೆಜಿ ಇದ್ದವರು 60ಕ್ಕೆ ಬರಬೇಕು, ಅಲ್ಲಿಯವರೆಗೆ ಖುಷಿಪಡುವ ಹಾಗಿಲ್ಲ. ವಾರಕ್ಕೆ ಅರ್ಧ ಕೆಜಿಯಂತೆ ಇಳಿದರೂ ಅದಕ್ಕೆ ಒಂಬತ್ತು ತಿಂಗಳಿಗಿಂತ ಹೆಚ್ಚು ಬೇಕು. ಅಷ್ಟು ದಿನ ಬರೀ ಕಾಯುತ್ತಾ ಕೂತರೆ ಯಾರಿಗಾದರೂ ಬೇಸರ ಬಂದೇ ಬರುತ್ತದೆ.

ದೇಹ ಅಷ್ಟು ಕಾಯಿಸುವುದಿಲ್ಲ. ಇದ್ದ ತೂಕದಲ್ಲಿ ಶೇ. 5ರಷ್ಟು ಇಳಿದರೆ ಸಾಕು, ಬಿಪಿ, ಸಕ್ಕರೆ ಅಂಶ ಸುಧಾರಿಸತೊಡಗುತ್ತವೆ. 80 ಕೆಜಿಯವರಿಗೆ ಅದು ಬರೀ 4 ಕೆಜಿ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇಟ್ಟುಕೊಂಡ ಗುರಿಯೂ ದೊಡ್ಡದಲ್ಲ: ಶೇ. 7ರಷ್ಟು ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ. ಅಷ್ಟಕ್ಕೇ ಕಾಯಿಲೆ ಬರುವ ಸಾಧ್ಯತೆ ಶೇ. 58ರಷ್ಟು ತಗ್ಗಿತು. ಹಾಗಾಗಿ ಮೊದಲ ಮೈಲಿಗಲ್ಲನ್ನು ಶೇ. 5ರಲ್ಲಿ, ಎರಡನೆಯದನ್ನು ಶೇ. 10ರಲ್ಲಿ ನೆಡಿ.

ಮೊದಲ ವಾರವೇ ಎರಡು ಕೆಜಿ ಇಳಿದರೆ ಸ್ವಲ್ಪ ತಾಳಿ. ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಪ್ರತಿ ಗ್ರಾಮಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಊಟ ಕಡಿಮೆಯಾದಾಗ ಮೊದಲು ಹೋಗುವುದು ಆ ನೀರು. ಮದುವೆಮನೆಯಲ್ಲಿ ಉಂಡ ಮರುದಿನ ತಕ್ಕಡಿ ಮೇಲೇರುವುದೂ ಬಹುಪಾಲು ನೀರಿನಿಂದಲೇ, ಅದಕ್ಕೆ ಎದೆಗುಂದಬೇಡಿ. ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮೊದಲು ತೂಗಿ, ವಾರದ ಸರಾಸರಿ ಬರೆದಿಡಿ. ಆ ಸರಾಸರಿ ಇಳಿದಾಗ ಮಾತ್ರ ಅದು ನಿಜವಾದ ಇಳಿಕೆ.

ತಕ್ಕಡಿ ಕದಲದ ವಾರಗಳಲ್ಲಿ ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ ಹೊಟ್ಟೆಯ ಸುತ್ತಳತೆ ನೋಡಬೇಕು. ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಮಂಡಿನೋವಿದ್ದವರಿಗೆ ಇನ್ನೊಂದು ಲೆಕ್ಕವಿದೆ, ನನಗೆ ಬಹಳ ಇಷ್ಟವಾದದ್ದು: ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿಯಷ್ಟು ಹಗುರಾಗುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ನಂದಿಯವರೆಗೆ ಮೂರು ಕಡೆ ಕೂರುತ್ತಿದ್ದವರು ಒಂದೇ ಕಡೆ ಕೂತರೆ ಅದೂ ಮೈಲಿಗಲ್ಲೇ.

ಇನ್ನು ಸಂಭ್ರಮ ಹೇಗೆ? ಹಬ್ಬದ ಹೋಳಿಗೆಯನ್ನು ಹಬ್ಬದ ದಿನ ನೆಮ್ಮದಿಯಾಗಿ ತಿನ್ನಿ. ತೂಕ ಇಳಿದದ್ದಕ್ಕೆ ಬಹುಮಾನವೆಂದು ಮಾತ್ರ ತಿನ್ನಬೇಡಿ. ಸಿಹಿ ಬಹುಮಾನವಾದರೆ ದಿನನಿತ್ಯದ ಮುದ್ದೆ, ಸೊಪ್ಪಿನ ಸಾರು ಶಿಕ್ಷೆಯಂತೆ ಕಾಣತೊಡಗುತ್ತವೆ. ನಡಿಗೆಗೆ ಒಳ್ಳೆಯ ಶೂ ಕೊಳ್ಳಿ, ಗೆಳತಿಯ ಜೊತೆ ಬೆಟ್ಟಕ್ಕೆ ಹೋಗಿ. ನಮ್ಮ ಚಿಕ್ಕಮ್ಮ ತನ್ನ ಮೊದಲ ಮೈಲಿಗಲ್ಲಿಗೆ ರವಿಕೆಗಳನ್ನೆಲ್ಲ ಟೈಲರ್ ಹತ್ತಿರ ಒಯ್ದು ಪಕ್ಕದ ಹೊಲಿಗೆ ಒಳಗೆ ಹಿಡಿಸಿದರು. "ಒಳಗಡೆ ಬಟ್ಟೆ ಬಿಟ್ಟಿರಲಾ ಅಮ್ಮ, ಮುಂದೆ ಬೇಕಾಗಬಹುದು" ಅಂದನಂತೆ. "ಕತ್ತರಿಸಿಬಿಡಪ್ಪ" ಅಂದರಂತೆ ಇವರು.

ತೂಕ ಇಳಿದ ಮೈಗೆ ಬೇಕಾಗುವ ಶಕ್ತಿಯೂ ಕಡಿಮೆ, ಆದ್ದರಿಂದ ಕೆಲವು ತಿಂಗಳ ನಂತರ ಇಳಿಕೆ ನಿಲ್ಲುವುದು ಸಹಜ. ಆಗ ಮೂರು ತಿಂಗಳು ಏರದಂತೆ ಕಾಪಾಡಿಕೊಂಡದ್ದನ್ನೂ ಮೈಲಿಗಲ್ಲೆಂದೇ ಎಣಿಸಿ. ಬಿಪಿ, ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುವವರು ಪ್ರತಿ ಮೈಲಿಗಲ್ಲಿನಲ್ಲೂ ಬರೆದಿಟ್ಟ ಲೆಕ್ಕವನ್ನು ಡಾಕ್ಟರಿಗೆ ತೋರಿಸಬೇಕು. ತೂಕ ಇಳಿದಂತೆ ಹಳೆಯ ಡೋಸ್ ಹೆಚ್ಚಾಗಿ ತಲೆಸುತ್ತು ಬರಬಹುದು. ಡೋಸ್ ತಗ್ಗಿಸುವುದು ಡಾಕ್ಟರ ಕೆಲಸ, ನಾವಾಗಿಯೇ ಮಾತ್ರೆ ಬಿಡುವಂತಿಲ್ಲ.