ಅಚ್ಚಿನ ಬಿಸಿಯೂ ಪರಮಾಣುಗಳ ಲೆಕ್ಕವೂ

ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ಹೇಮಾವತಿಯ ದಡದಲ್ಲಿರುವ ಹೇಮಗಿರಿಯು ದನಗಳ ಜಾತ್ರೆಗೆ ಹೆಸರಾದ ಸ್ಥಳ. ಟೈರಿನ ಗಾಡಿಗಳು ಬರುವುದಕ್ಕೆ ಮುನ್ನ, ಇಂಥ ಜಾತ್ರೆಗೆ ಗಾಡಿ ಹೂಡುವವರು ಮರೆಯದೆ ಮಾಡುತ್ತಿದ್ದ ಕೆಲಸವೊಂದಿತ್ತು: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿದ ಕೀಲೆಣ್ಣೆಯನ್ನು ಕಬ್ಬಿಣದ ಅಚ್ಚಿಗೆ ಸವರುವುದು. ಸವರದಿದ್ದರೆ ಗಾಲಿ ಕಿರುಗುಟ್ಟುವುದು, ಎತ್ತುಗಳು ಬಳಲುವುವು, ಅಚ್ಚು ಬಿಸಿಯಾಗಿ ಸವೆಯುವುದು. ಈ ಬಿಸಿ ಎಲ್ಲಿಂದ ಬಂದಿತು?

1798ರಲ್ಲಿ ರಂಫರ್ಡನು ಫಿರಂಗಿಗಳನ್ನು ಕೊರೆಯುವಾಗ, ಉಜ್ಜುವಿಕೆ ನಡೆದಿರುವಷ್ಟು ಕಾಲವೂ ಉಷ್ಣವು ಹುಟ್ಟುತ್ತಲೇ ಇರುವುದನ್ನು ಕಂಡು, ಉಷ್ಣವೆಂಬುದು ಒಂದು ಬಗೆಯ ಚಲನೆಯೆಂದು ವಾದಿಸಿದನು. ಆ ಚಲನೆ ಪರಮಾಣುಗಳದೆಂದು ಈಗ ನಾವು ಬಲ್ಲೆವು. ನಿಂತ ಗಾಡಿಯ ಅಚ್ಚಿನಲ್ಲಿಯೂ ಕಬ್ಬಿಣದ ಪರಮಾಣುಗಳು ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಲ್ಲಿ ತಮ್ಮ ತಮ್ಮ ನೆಲೆಯಲ್ಲಿಯೇ ಕಂಪಿಸುತ್ತಿರುತ್ತವೆ. ಕಣ್ಣಿಗೆ ನುಣುಪಾಗಿ ಕಾಣುವ ಅಚ್ಚಿನ ಮೈಯೂ ನಿಜವಾಗಿ ಗುಡ್ಡ ಕಣಿವೆಗಳ ಸೀಮೆಯೇ. ಎರಡು ಮೈಗಳು ಒಂದನ್ನೊಂದು ಮುಟ್ಟುವುದು ಆ ಗುಡ್ಡಗಳ ತುದಿಗಳಲ್ಲಿ ಮಾತ್ರ. ಅಲ್ಲಿ ಎದುರು ಸಾಲಿನ ಸೆಳೆತಕ್ಕೆ ಸಿಕ್ಕಿದ ಪರಮಾಣುವು ಸ್ಪ್ರಿಂಗಿನಂತೆ ಎಳೆಯಲ್ಪಟ್ಟು, ತಟ್ಟನೆ ಮುಂದಿನ ಗುಳಿಗೆ ಜಾರುತ್ತದೆ. ಎಳೆತದಲ್ಲಿ ಕೂಡಿಟ್ಟ ಶಕ್ತಿಯು ನೆರೆಯವರಿಗೆಲ್ಲ ಕಂಪನವಾಗಿ ಹರಡುತ್ತದೆ. ಅದೇ ಉಷ್ಣ. 1928ರಲ್ಲಿ ಪ್ರಾಂಟ್ಲ್, 1929ರಲ್ಲಿ ಟಾಮ್ಲಿನ್ಸನ್ ಇಂಥದೇ ಚಿತ್ರವನ್ನು ಕೊಟ್ಟಿದ್ದರು.

ಮುಚ್ಚಿದ ಗುಂಬದೊಳಗಣ ಈ ಆಟವನ್ನು ನೋಡುವ ಬಗೆ ಹೇಗೆ? ಲೆಕ್ಕದಿಂದ ನೋಡಬಹುದು. ಪ್ರತಿಯೊಂದು ಪರಮಾಣುವಿನ ಸ್ಥಾನ, ವೇಗಗಳನ್ನು ಗಣಕಯಂತ್ರಕ್ಕೆ ಕೊಡುತ್ತೇವೆ. ನೆರೆಯ ಪರಮಾಣುಗಳ ಬಲವನ್ನು ಕೂಡಿಸಿ, ನ್ಯೂಟನ್ನನ ಎರಡನೆಯ ನಿಯಮದಂತೆ ಅದು ಒಂದು ಕಿರುಹೆಜ್ಜೆ ಮುಂದೆ ಎಲ್ಲಿರುವುದೆಂದು ಯಂತ್ರವು ಎಣಿಸುತ್ತದೆ. ಮತ್ತೆ ಬಲ, ಮತ್ತೆ ಹೆಜ್ಜೆ. ಇದರ ಹೆಸರು ಅಣುಚಲನ ಗಣನೆ. ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನರು 1964ರಲ್ಲಿ, ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ, ದ್ರವ ಆರ್ಗಾನಿನ 864 ಪರಮಾಣುಗಳನ್ನು ಹೀಗೆ ಹಿಂಬಾಲಿಸಿದರು. (ಎರಡು ಹೆಸರುಗಳೂ ಕನ್ನಡದಲ್ಲಿ ಒಂದೇ ಆದದ್ದು ಆಕಸ್ಮಿಕ!) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ 'ಪರಮ್ ಪ್ರವೇಗ'ದ ಸಾಮರ್ಥ್ಯವು ಸೆಕೆಂಡಿಗೆ 3,300 ಲಕ್ಷಕೋಟಿ ಗಣಿತಕ್ರಿಯೆಗಳು, ಇಂದು ಕೋಟಿಗಟ್ಟಲೆ ಪರಮಾಣುಗಳ ಲೆಕ್ಕವೂ ಸಾಧ್ಯ.

ಆದರೆ ಇಂಥ ಯಂತ್ರಕ್ಕೂ ನಮ್ಮ ಎತ್ತಿನ ಗಾಡಿ ಬಲು ನಿಧಾನ! ಒಂದು ಹೆಜ್ಜೆಯೆಂದರೆ ಸೆಕೆಂಡಿನ ಸಾವಿರ ಲಕ್ಷಕೋಟಿಯ ಒಂದು ಪಾಲು. ಹತ್ತು ಲಕ್ಷ ಹೆಜ್ಜೆ ಎಣಿಸಿದರೂ ಕಳೆದ ಕಾಲ ಸೆಕೆಂಡಿನ ನೂರು ಕೋಟಿಯ ಒಂದು ಪಾಲಷ್ಟೆ. ಗಾಡಿಯು ಸೆಕೆಂಡಿಗೆ ಒಂದು ಮೀಟರ್ ನಡೆಯಲಿ, ಗಾಲಿಯ ತ್ರಿಜ್ಯ ಅಚ್ಚಿನದರ 30 ಪಟ್ಟು ಇರಲಿ. ಆಗ ಅಚ್ಚಿನ ಮೇಲಿನ ಜಾರುವೇಗ ಸೆಕೆಂಡಿಗೆ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಆ ಹತ್ತು ಲಕ್ಷ ಹೆಜ್ಜೆಗಳಲ್ಲಿ ಗುಂಬವು ಸರಿಯುವುದು ಎರಡು ಕಬ್ಬಿಣದ ಪರಮಾಣುಗಳ ನಡುವಣ ದೂರದ ಏಳರಲ್ಲೊಂದು ಪಾಲು ಮಾತ್ರ. ಒಂದು ಜಾರುವಿಕೆಯೂ ಮುಗಿಯದು!

ಆದ್ದರಿಂದ ಲೆಕ್ಕ ಹಾಕುವವರು ಮೈಗಳನ್ನು ಸೆಕೆಂಡಿಗೆ ಹತ್ತು ಮೀಟರ್ ಎನ್ನುವಂಥ ವೇಗದಲ್ಲಿ ಓಡಿಸುತ್ತಾರೆ. ಅಂದರೆ ನಮ್ಮ ಗಾಡಿಯ 300 ಪಟ್ಟು. ಬಲ ಅಷ್ಟೇ ಇದ್ದರೆ ಉಷ್ಣವೂ 300 ಪಟ್ಟು ಬೇಗ ಹುಟ್ಟುತ್ತದೆ. ನಿಜವಾದ ಅಚ್ಚಿನಲ್ಲಿ ಅದು ಒಳಗಿನ ಲೋಹಕ್ಕೆ ಹರಿದುಹೋಗುವುದು. ಗಣಕದ ಅಚ್ಚಿಗಾದರೋ ಒಳಗು ಎಂಬುದೇ ಕೆಲವು ಪದರಗಳು. ಉಷ್ಣವನ್ನು ತೆಗೆಯದಿದ್ದರೆ ನಿಜದಲ್ಲಿ ಕರಗದ ಲೋಹ ಲೆಕ್ಕದಲ್ಲಿ ಕರಗೀತು. ಅದಕ್ಕಾಗಿ ದೂರದ ಪದರಗಳ ಪರಮಾಣುಗಳ ವೇಗವನ್ನು ಆಗಾಗ ತಗ್ಗಿಸುತ್ತಾರೆ. ಉಜ್ಜುವ ಪದರಕ್ಕೇ ಕೈಹಾಕಿದರೆ, ಅಳೆಯಹೊರಟ ಘರ್ಷಣೆಯನ್ನೇ ಕೆಡಿಸಿದಂತಾಗುವುದು. ನಮ್ಮ ಅಭಿಪ್ರಾಯದಲ್ಲಿ, ಇಂಥ ಲೆಕ್ಕವನ್ನು ನಂಬುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಉಷ್ಣವನ್ನು ಎಲ್ಲಿ ತೆಗೆದಿರಿ?

ಇನ್ನೊಂದು ತೊಡಕು. ಲೋಹದಲ್ಲಿ ಉಷ್ಣವನ್ನು ಹೆಚ್ಚಾಗಿ ಒಯ್ಯುವುದು ಇಲೆಕ್ಟ್ರಾನುಗಳು. ನ್ಯೂಟನ್ನನ ಲೆಕ್ಕದಲ್ಲಿ ಅವು ಇಲ್ಲವೇ ಇಲ್ಲ. ಅವುಗಳ ಉಷ್ಣತೆಗೆಂದೇ ಬೇರೆ ಸಮೀಕರಣವನ್ನು ಬರೆದು, ಪರಮಾಣುಗಳ ಲೆಕ್ಕದೊಡನೆ ಹೆಣೆಯುವ ವಿಧಾನಗಳು ಈಗ ಬಳಕೆಯಲ್ಲಿವೆ.